ದನಿ ಸೋರದ ಹೆಡ್‌ಫೋನು

“ಕಿವಿಗೆ ಹಾಕ್ಕೊಳ್ರಿ ಸಾಬ್ರ. ಹಾಡು ಹೆಂಗ ಕೇಳ್ತೈತಿ ನೋಡ್ರಿ,” ಎಂದ ರೇಡಿಯೋ ಅಂಗಡಿಯ ಹೊಳಬಸಪ್ಪ.

“ನೀವ ಹಾಕ್ಕೊಳ್ರಿ. ಹೊರಗ ಎಷ್ಟು ಬರ್ತೈತಿ ಅಂತ ನಾ ಕೇಳ್ತೇನಿ,” ಎಂದ ಮುರ್ತುಜಸಾಬ.

ಟೇಪ್‌ರೆಕಾರ್ಡರನ್ನು ಟವಲಿನಲ್ಲಿ ಸುತ್ತಿ, ಇಳಕಲ್ಲಿನಿಂದ ಬಾಗಲಕೋಟೆಯವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಈ ಮುದಿ ನೇಕಾರನ ತಲೆ ನೆಟ್ಟಗಿದೆಯೇ ಎಂದು ಹೊಳಬಸಪ್ಪನಿಗೆ ಅನುಮಾನವಾಯಿತು. ಹೆಡ್‌ಫೋನು ಕೊಳ್ಳಲು ಬಂದವರು ತಮ್ಮ ಕಿವಿಗೆ ಹಾಕಿ ನೋಡುತ್ತಾರೆ. ಈತ ಅಂಗಡಿಯವನ ಕಿವಿಗೆ ಹಾಕಿಸಿ, ಗಲ್ಲಕ್ಕೆ ಗಲ್ಲ ತಾಗುವಷ್ಟು ಬಗ್ಗಿ ಆಲಿಸುತ್ತಿದ್ದ. ಸ್ಪಂಜಿನದು ಅಗ್ಗ, ಆದರೆ ಹಾಡೆಲ್ಲ ಹೊರಗೆ ಚೆಲ್ಲಿತು. ಇನ್ನೊಂದು ಹೆಡ್‌ಫೋನು ಕಿವಿಯನ್ನು ಪೂರ್ತಿ ಮುಚ್ಚುವಂಥದು. ಪಟ್ಟಿ ಸೀಳಿದ್ದರಿಂದ ಅದೂ ತೊಂಬತ್ತು ರೂಪಾಯಿಗೆ ಇಳಿದಿತ್ತು. ಮುರ್ತುಜಸಾಬ ಉಸಿರು ಹಿಡಿದು ಆಲಿಸಿದ. ಏನೂ ಕೇಳಿಸಲಿಲ್ಲ.

“ಯಾರಿಗೂ ಕೇಳಿಸದಂಗ ಈ ವಯಸ್ಸಿನ್ಯಾಗ ಏನ್ ಕೇಳಾವ್ರಿ ಸಾಬ್ರ?” ಎಂದು ಹೊಳಬಸಪ್ಪ ಚೇಷ್ಟೆ ಮಾಡಿದ.

“ನನಗಲ್ರಿ, ನಮ್ಮ ಸೊಸಿಗೆ,” ಎಂದಷ್ಟೇ ಹೇಳಿ ಮುರ್ತುಜಸಾಬ ಕಿಸೆಗೆ ಕೈ ಹಾಕಿದ.

ಮಗ ಇಮಾಮ ಕುವೈತಿಗೆ ಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಯಾರಿಗೂ ಓದಲು ಬಾರದು, ಹೀಗಾಗಿ ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಕ್ಯಾಸೆಟ್ಟು ಬಂದ ದಿನ ಓಣಿಗೆ ಓಣಿಯೇ ಮನೆಯಲ್ಲಿ. ಈ ಸಲ ಒಂದು ಮಗ್ಗುಲಲ್ಲಿ ಎಲ್ಲರಿಗೂ ಸಲಾಮು ಹೇಳಿ, ರಂಜಾನ್ ಹಬ್ಬಕ್ಕೆ ಬಂದೇ ಬರುತ್ತೇನೆ ಎಂದಿದ್ದ. ಅವನ ತಾಯಿ ಸುಗರಾ ಆ ಕ್ಷಣದಿಂದಲೇ ದಿನ ಎಣಿಸತೊಡಗಿದಳು. ಕ್ಯಾಸೆಟ್ಟು ಮಗುಚಿ ಹಾಕಿದರೆ, “ಮಲಿಕಾ, ಇದು ನಿನಗೊಬ್ಬಾಕಿಗೆ…” ಎಂದು ಶುರುವಾಯಿತು. ಓಣಿಯವರು ಹೋ ಎಂದು ನಕ್ಕರು. ಸೊಸೆ ಮಲಿಕಾ ಓಡಿಬಂದು ಗುಂಡಿ ಒತ್ತಿ, ಕ್ಯಾಸೆಟ್ಟು ಕಿತ್ತುಕೊಂಡು ಒಳಗೆ ಹೋದಳು.

ಅದಾಗಿ ಇಪ್ಪತ್ತು ದಿನ. ಒಂದೂವರೆ ಖೋಲಿಯ ಆ ಮನೆಯಲ್ಲಿ, ಗಂಡ ತನಗೆಂದು ಆಡಿದ ನಾಲ್ಕು ಮಾತು ಕೇಳಲು ಹುಡುಗಿಗೆ ಒಂದು ಮೂಲೆ ಸಿಕ್ಕಿರಲಿಲ್ಲ. ಮೊನ್ನೆ ಆಕೆ ದನಿ ತೀರ ತಗ್ಗಿಸಿ ಟೇಪಿಗೆ ಕೆನ್ನೆಯೊತ್ತಿ ಕೂತದ್ದನ್ನೂ, ಯಾರೋ ಬಾಗಿಲಿಗೆ ಬಂದೊಡನೆ ಬೆಚ್ಚಿ ಬಂದ್ ಮಾಡಿದ್ದನ್ನೂ ಮುರ್ತುಜಸಾಬ ನೋಡಿದ್ದ. ಬಾಗಲಕೋಟೆಗೆ ಹೋಗಿಬರುವುದೆಂದು ಆಗಲೇ ನಿಶ್ಚಯಿಸಿದ್ದ.

ಬಾಗಲಕೋಟೆಯಿಂದ ಬಂದ ಮರುದಿನ ಮಧ್ಯಾಹ್ನ ಮಲಿಕಾ ಒಳಖೋಲಿಯಲ್ಲಿ ಗೋಡೆಗೆ ಮುಖ ಮಾಡಿ, ಹೆಡ್‌ಫೋನು ಹಾಕಿಕೊಂಡು ಕೂತಳು. ಹೊರಗೆ ಸುಗರಾ ಜೋಳ ಹಸನು ಮಾಡುತ್ತಿದ್ದಳು. ಟೇಪಿನಿಂದ ಒಂದು ಪಿಸುಮಾತೂ ಹೊರಬರಲಿಲ್ಲ. ಕೊಟ್ಟ ದುಡ್ಡು ಸಾರ್ಥಕವಾಯಿತು ಎಂದುಕೊಂಡ ಮುರ್ತುಜಸಾಬ.

“ಹ್ಞೂಂ, ಆರಾಮದೀನ್ರಿ.”

ಮಲಿಕಾಳ ದನಿ. ಗಂಡ ಎದುರಿಗೇ ಇದ್ದಂತೆ ಟೇಪಿನ ಮಾತಿಗೆ ಉತ್ತರ ಕೊಡುತ್ತಿದ್ದಳು. ಬಾವಿಕಟ್ಟೆಯಲ್ಲಿ ನಿಂತು ಮಾತಾಡುವಷ್ಟು ಜೋರು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಇದು ಮುರ್ತುಜಸಾಬನಿಗೆ ಹೊಳೆದೇ ಇರಲಿಲ್ಲ. ಸುಗರಾ ಸೆರಗು ಬಾಯಿಗಿಟ್ಟು ನಕ್ಕಳು.

“ಮತ್ತ ಎರಡು ವರ್ಷಾ? ಹಬ್ಬಕ್ಕ ಬರ್ತೇನಿ ಅಂತ ಅವರಿಗೆಲ್ಲಾ ಹೇಳೀರಲ್ರಿ?”

ಸುಗರಾಳ ಕೈ ಮೊರದಲ್ಲೇ ನಿಂತಿತು.

“ಕರಾರಿಗೆ ಸಹಿ ಮಾಡಿಬಿಟ್ಟೀರೇನು? ನಾ ಹೆಂಗ ಹೇಳ್ಲಿ ಇವರಿಗೆ? ಬ್ಯಾಡೋ ಇಮಾಮಾ, ಬಂದುಬಿಡೋ…”

ಗಂಡನ ಹೆಸರು ಆ ಮನೆಯಲ್ಲಿ ಆಕೆಯ ಬಾಯಿಂದ ಬಂದದ್ದು ಅದೇ ಮೊದಲು. ಸುಗರಾ ಎದ್ದಳು. ಮುರ್ತುಜಸಾಬ ಆಕೆಯ ರಟ್ಟೆ ಹಿಡಿದ.

“ಕುಂದ್ರು.”

“ಅಂವ ಬರೂದಿಲ್ಲಂತ! ಆಕೀನ್ನ ಕೇಳ್ತೇನಿ, ಬಿಡ್ರಿ ಕೈ.”

“ಏನೂ ಕೇಳಬ್ಯಾಡ. ನಮಗ ಹೇಳಾಕ ಎದಿ ಆಗದ ಆಕಿಗಷ್ಟ ಹೇಳ್ಯಾನ. ನಮ್ಮ ಕಿವಿಗೆ ಏನೂ ಬಿದ್ದಿಲ್ಲ, ತಿಳೀತಿಲ್ಲೋ?” ಸುಗರಾ ಮತ್ತೆ ಮೊರದ ಮುಂದೆ ಕೂತಳು.

ಸುಮಾರು ಹೊತ್ತಿನ ಮೇಲೆ ಮಲಿಕಾ ಹೊರಗೆ ಬಂದಳು. ಮುಖ ತೊಳೆದುಕೊಂಡಿದ್ದಳು. ಯಾರೂ ಏನೂ ಕೇಳದಿದ್ದರೂ ತಾನೇ ಮಾತು ತೆಗೆದಳು.

“ಹಬ್ಬಕ್ಕ ಖರೇನ ಬರ್ತಾರಂತ ಅತ್ತಿ. ನನಗೂ ಅದನ್ನ ಹೇಳ್ಯಾರ.”

“ಚಲೋ ಆತವ್ವಾ,” ಎಂದ ಮುರ್ತುಜಸಾಬ.

ಸುಗರಾ ಮೊರದಿಂದ ತಲೆಯೆತ್ತದೆ ಹೇಳಿದಳು: “ಹಂಗಾರ ಈ ಸಲ ಶಾವಿಗಿ ಜಾಸ್ತಿ ಹೊಸಿಬೇಕು.”