ಕೆರೆಯ ಪ್ರಾಣಿಗೆ ಅನ್ನ

ಕರಿ ಎಳ್ಳಿನ ಡಬ್ಬಿ ತೆರೆದಾಗಲೆಲ್ಲ ನನಗೆ ಪರದೇಶದಲ್ಲಿ ನಾವಿದ್ದ ಲಿವರ್‌ಮೋರ್‌ನ ಬೆಟ್ಟಗಳ ಹಿಂದಿನ ಆ ಕೆರೆ ನೆನಪಾಗುತ್ತದೆ.

ಅಮ್ಮ ಹೋಗಿ ಆಗ ಒಂದು ವರ್ಷವಾಗಿತ್ತು. ನನಗೆ ಎಂಟು ವರ್ಷ. ದೇವಸ್ಥಾನದಲ್ಲಿ ಶ್ರಾದ್ಧ ಮುಗಿಸಿದ ಅಪ್ಪ, ಪಿಂಡಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ನೀರಿಗೆ ಬಿಡಲು ನನ್ನನ್ನೂ ಕರೆದುಕೊಂಡು ಹೋದರು. ಬೇಸಗೆಯ ಮಧ್ಯಾಹ್ನ. ಕೆರೆಯ ನೀರು ಇಳಿದು, ದಡದ ಕೆಸರು ಒಣಗಿ ಚಕ್ಕೆಯೆದ್ದಿತ್ತು. ಆ ಕೆರೆಯಲ್ಲಿ ಉದ್ದ ಕತ್ತಿನ ದೈತ್ಯ ಪ್ರಾಣಿಯೊಂದಿದೆ ಎಂದು ನಮ್ಮ ಕ್ಲಾಸಿನವರೆಲ್ಲ ಹೇಳುತ್ತಿದ್ದರು. ಎಳ್ಳು ಬೆರೆತ ಅನ್ನದ ಉಂಡೆಗಳನ್ನು ನೋಡಿ, ಅದಕ್ಕೇ ಊಟ ತಂದಿದ್ದೇವೆ ಎಂದುಕೊಂಡೆ.

"ಅಪ್ಪಾ, ಇದು ಮಾನ್‌ಸ್ಟರ್‌ಗಾ? ಪಿಕ್ನಿಕ್ಕಿಗೆ ಬಂದಾಗ ನಾನು ಅದನ್ನ ನೋಡಿದೀನಿ."

ಅಪ್ಪ ಎಂಜಿನಿಯರು. ಮಕ್ಕಳ ಸಮಾಧಾನಕ್ಕೂ ಸುಳ್ಳು ಹೇಳುತ್ತಿರಲಿಲ್ಲ.

"ಇಲ್ಲ ಪುಟ್ಟಿ. ಇದು ಡ್ಯಾಮ್ ಕಟ್ಟಿ ಮಾಡಿರೋ ಕೆರೆ. ಅಷ್ಟು ದೊಡ್ಡ ಪ್ರಾಣಿಗೆ ಸಾಕಾಗೋಷ್ಟು ಮೀನು ಇಲ್ಲಿಲ್ಲ. ಅದೂ ಅಲ್ದೆ, ಒಂದೇ ಒಂದು ಪ್ರಾಣಿ ಒಂಟಿಯಾಗಿ ಎಷ್ಟು ವರ್ಷ ಬದುಕುತ್ತೆ? ಅಂಥದ್ದೆಲ್ಲ ಇರಲ್ಲಮ್ಮ."

"ಮತ್ತೆ ಇದನ್ನ ಯಾರು ತಿಂತಾರೆ?"

ಅಪ್ಪ ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಎರಡು ಉಂಡೆ ಬಿಟ್ಟರು. ಅನ್ನ ಬಿಡಿಬಿಡಿಯಾಗಿ ಮುಳುಗಿತು. ಎಳ್ಳು ಮಾತ್ರ ತೇಲಿಕೊಂಡು ಹಿಂದಕ್ಕೆ ಬಂದು ಅವರ ಕಾಲಿಗೆ ಅಂಟಿತು. ಅದನ್ನೇ ನೋಡುತ್ತ ಬಹಳ ಹೊತ್ತು ನಿಂತರು.

ಆಮೇಲೆ ಕೊನೆಯ ಉಂಡೆಯನ್ನು ಕೈಯಲ್ಲೇ ಹಿಡಿದುಕೊಂಡು, ನನ್ನ ಕಡೆ ತಿರುಗದೆ ಕೇಳಿದರು: "ನೀನು ನೋಡಿದ್ದು ಯಾವ ಕಡೆ, ಪುಟ್ಟಿ?"