ಮರಕ್ಕೆ ಊದಬಾರದು

ಐಟಿಐಯ ಮರಗೆಲಸದ ತರಗತಿಯಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ ಇದು: ಕೊರೆದ ತೂತಿನೊಳಗಿನ ಹೊಟ್ಟನ್ನು ಬ್ರಷ್ಷಿನಿಂದ ಗುಡಿಸಬೇಕು, ಬಾಯಿಂದ ಊದಬಾರದು. ಊದಿದರೆ ಉಸಿರಿನ ಜೊತೆ ದನಿಯೂ ಮರಕ್ಕಿಳಿಯುತ್ತದೆ. ಜೋಡಿಸಿದ ಮೇಲೆ ಮರ ಅದನ್ನು ವಾಪಸು ಕೊಡುವುದಿಲ್ಲ.

ನಾಗವೇಣಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವಳ ಅಪ್ಪ ಮಾಡಿದ ಕಿಟಕಿ ಮನೆಯಲ್ಲಿ ಇವತ್ತಿಗೂ ಅಪ್ಪನ ದನಿಯಲ್ಲಿ ಗೊಣಗುತ್ತದೆ. ಅಪ್ಪ ಮಾತಿಲ್ಲದೆ ಅದರ ಪಕ್ಕ ಕೂತಿರುತ್ತಾರೆ. ಆದರೂ ಪರೀಕ್ಷೆಯ ಗಡಿಬಿಡಿಯಲ್ಲಿ, ಚಿಕ್ಕಂದಿನಿಂದ ಅಪ್ಪನನ್ನು ನೋಡಿ ಬಂದ ಅಭ್ಯಾಸಬಲದಿಂದ, ತಾನು ಮಾಡುತ್ತಿದ್ದ ಚೌಕಟ್ಟಿನ ತೂತಿಗೆ ಬಗ್ಗಿ ಫೂ ಎಂದು ಊದಿಬಿಟ್ಟಿದ್ದಳು. ನಿಜ ಹೇಳಿದರೆ ಚೌಕಟ್ಟು ಒಲೆಗೆ, ಅವಳು ಮತ್ತೆ ಮೊದಲ ವರ್ಷಕ್ಕೆ.

ಪರೀಕ್ಷಕ ಈರಣ್ಣಾಚಾರ್ ಚೌಕಟ್ಟು ಜೋಡಿಸಲು ಕೊಡತಿ ಎತ್ತಿದರು. "ಊದಿಲ್ಲ ತಾನೇ?"

"ಇಲ್ಲ ಸಾರ್."

"ನೋಡಮ್ಮಾ, ಒಂದ್ಸಲ ಕೂತ್ರೆ ಬಿಚ್ಚಕ್ಕಾಗಲ್ಲ."

"ಗೊತ್ತು ಸಾರ್."

ಒಂದೇ ಪೆಟ್ಟು. ಎರಡು ಮರವೂ ಕೂದಲು ತೂರದಷ್ಟು ಬಿಗಿಯಾಗಿ ಕೂಡಿಕೊಂಡವು. ಆಚಾರ್ ಬೆರಳಿನಿಂದ ಸವರಿ, ಮೆಚ್ಚಿ ತಲೆಯಾಡಿಸಿದರು.

"ಪಾಸು. ಹೆಸರೇನಮ್ಮಾ?"

ಅವಳು ಬಾಯಿ ತೆರೆದಳು. ಏನೂ ಹೊರಡಲಿಲ್ಲ.

"ನಾಗವೇಣಿ," ಎಂದಿತು ಮೇಜಿನ ಮೇಲಿದ್ದ ಚೌಕಟ್ಟು, ಅವಳದೇ ದನಿಯಲ್ಲಿ.