ಬೀಜಕ್ಕಿಟ್ಟ ಮೆಣಸು

ಮಗು ಅನ್ನ ಮುಟ್ಟದೆ ಇಂದಿಗೆ ನಾಲ್ಕು ದಿನ. ಪಕ್ಕದ ಮನೆಯ ಚಂಪಾಳ ಬಳಿ ಬಿಡಲು ಶುರುಮಾಡಿದ ಮರುದಿನದಿಂದಲೇ ಹೀಗೆ. ವಿಮಲಾ ಅದನ್ನು ಬೆರಳು ಮಡಿಚಿ ಎಣಿಸಿದ್ದಳು.

ಸೊಸೆ ಪ್ರಣೀತಾ ಮಗಳು ಅನಘಳನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸುತ್ತ, ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆಯುತ್ತಿದ್ದಳು. ಒಂದೂವರೆ ವರ್ಷದ ಮಗು ಚಮಚ ಕಂಡರೆ ಸಾಕು, ಕಿರುಚಿ ಮುಖ ತಿರುಗಿಸುತ್ತಿತ್ತು.

“ಡಾಕ್ಟರ್ ಹೇಳಿದ್ರಲ್ಲ ಅತ್ತೆ, ದವಡೆ ಹಲ್ಲು ಬರ್ತಾ ಇದೆ ಅಂತ. ಟೆನ್ಶನ್ ಮತ್ ಲೋ, ಸರಿ ಹೋಗ್ತದೆ.”

“ಹಲ್ಲು ನಿನ್ನ ಗಂಡನಿಗೂ ಬಂದಿತ್ತು. ಅವ ಮಂಚದ ಕಾಲನ್ನೂ ಬಿಡದೆ ಕಚ್ಚುತ್ತಿದ್ದ.”

ಶನಿವಾರ ವಿಮಲಾ ಠಾಣೆ ನಿಲ್ದಾಣದಲ್ಲಿ ಊರಿನ ರೈಲು ಹತ್ತಬೇಕು. ಉಡುಪಿಯಾಚೆಯ ಗದ್ದೆಯಲ್ಲಿ ಉದ್ದು ಕೀಳಲು ಬಂದಿದೆ. ಸೋಮವಾರ ಪ್ರಣೀತಾ ಡೊಂಬಿವಲಿಯ ಈ ಮನೆಯಿಂದ ಐರೋಲಿಯ ಆಫೀಸಿಗೆ ಮರಳಬೇಕು. ಆಮೇಲೆ ದಿನವಿಡೀ ಮಗುವಿಗೆ ಚಂಪಾಳ ಮಡಿಲೇ. ದೀಪಾವಳಿಯ ಹೊತ್ತಿಗೇ ಆ ಮಾತು ಆಗಿತ್ತು. ಅಭ್ಯಾಸವಾಗಲಿ ಎಂದು ಈ ವಾರದಿಂದ ದಿನಕ್ಕೆರಡು ಗಂಟೆ ಬಿಡತೊಡಗಿದ್ದರು.

ಆ ಮಡಿಲಿನ ಮೇಲೆಯೇ ಈಗ ವಿಮಲಾಳಿಗೆ ಅನುಮಾನ.

ಚಂಪಾ ಕಾರ್ಕಳದವಳು. ಒಂಟಿ ಹೆಂಗಸು. ಸಾರಿನ ಪುಡಿ ಮಾಡಿ ಕಲ್ಯಾಣದ ಮನೆಗಳವರೆಗೂ ಕಳಿಸುತ್ತಿದ್ದಳು. ಅವಳ ಕಿಟಕಿಯ ಗ್ರಿಲ್ ತುಂಬ ಮೆಣಸಿನ ಗಿಡಗಳು. ದಸರೆಗೆ ಊರಿನಿಂದ ಬಂದ ವಿಮಲಾ ಅವುಗಳನ್ನು ಕಂಡೇ ಅವಳೊಡನೆ ಮಾತು ಬೆಳೆಸಿದ್ದು. ಆದರೆ ದೀಪಾವಳಿ ಕಳೆದ ವಾರದಲ್ಲೇ ಚಂಪಾ ಅಷ್ಟನ್ನೂ ಕಿತ್ತು ಕಸಕ್ಕೆ ಹಾಕಿದಳು. ಪುಡಿ ಮಾಡುವುದನ್ನೂ ನಿಲ್ಲಿಸಿದಳು. ಕೇಳಿದರೆ, “ಸಾಕಾಯ್ತು ವಿಮಲಕ್ಕ” ಎಂದಳು. ಮೈತುಂಬ ಕಾಯಿದ್ದ ಗಿಡವನ್ನು ಬೇರುಸಮೇತ ಕೀಳುವ ಕೈ ಎಂಥದ್ದು? ವಿಮಲಾ ಹುಟ್ಟಿದ ಮೇಲೆ ಅಂಥ ಕೈ ಕಂಡಿರಲಿಲ್ಲ.

ಆಮೇಲೆ ಹೊಸ ಸಸಿ ನೆಡುವಾಗ ಚಂಪಾ ಒಂದನ್ನು ವಿಮಲಾಳಿಗೂ ಕೊಟ್ಟಿದ್ದಳು. “ಇದು ಚಂದಕ್ಕೆ ಇರಲಿ ಅಕ್ಕ. ಸಾರಿಗೆ ಅಂಗಡಿಯದ್ದೇ ಹಾಕಿ.”

ನಲವತ್ತು ವರ್ಷ ಮೆಣಸು ಬೆಳೆದವಳಿಗೆ ಈ ಮಾತು! “ಯಾಕೆ, ನನ್ನ ಕೈಯಲ್ಲಿ ಕಾಯಿ ಬಿಡುವುದಿಲ್ಲವಾ?” ಎಂದು ವಿಮಲಾ ಕುಟುಕಿದ್ದಳು. ಚಂಪಾ ನಕ್ಕುಬಿಟ್ಟಿದ್ದಳು. ಗಿಡವೇನೋ ಹಟಕ್ಕೆ ಬಿದ್ದಂತೆ ಕಾಯಿ ಬಿಟ್ಟಿತು. ಊರಿನ ಕ್ರಮದಂತೆ ಮೊದಲ ಕಾಯಿಗಳನ್ನು ವಿಮಲಾ ಯಾರಿಗೂ ಮುಟ್ಟಗೊಡಲಿಲ್ಲ. ಗಿಡದಲ್ಲೇ ಕೆಂಪಾಗಲು ಬಿಟ್ಟು, ಒಣಗಿಸಿ, ಬೀಜಕ್ಕೆಂದು ಬಟ್ಟೆಯಲ್ಲಿ ಕಟ್ಟಿಟ್ಟಳು.

ಮೊದಲ ದಿನ ಮಗುವನ್ನು ತಿರುಗಿ ಒಪ್ಪಿಸುತ್ತ ಚಂಪಾ, “ಎಂಥ ಊಟ ಅಂತೀರಿ! ನನ್ನ ಪಾಲಿನದ್ದನ್ನೂ ಮುಗಿಸಿದಳು, ಕಳ್ಳಿ” ಎಂದಿದ್ದಳು. ಮರುದಿನ ಊಟ ನಿಂತಿತು.

ದೀಪ ಹಚ್ಚಿದ ಮೇಲೆ ವಿಮಲಾ ಅಡುಗೆಮನೆಗೆ ಹೋದಳು. ಗ್ಯಾಸಿನ ಮೇಲೆ ತೆಂಗಿನ ಗೆರಟೆ ಸುಟ್ಟು, ಹಳೆಯ ಬಾಣಲೆಯಲ್ಲಿ ಕೆಂಡ ಮಾಡಿದಳು. ಹಿಡಿ ಕಲ್ಲುಪ್ಪು, ಚಿಟಿಕೆ ಸಾಸಿವೆ. ಒಣಮೆಣಸಿನ ಡಬ್ಬಕ್ಕೆ ಚಾಚಿದ ಕೈಯನ್ನು ಹಿಂದೆಗೆದಳು. ಅಂಗಡಿಯದ್ದು ಎಷ್ಟು ಜನರ ಕೈ ದಾಟಿ ಬಂದದ್ದೋ. ಬಟ್ಟೆಯ ಗಂಟು ಬಿಚ್ಚಿ, ಬೀಜಕ್ಕಿಟ್ಟ ಏಳು ಮೆಣಸನ್ನೇ ತೆಗೆದಳು.

“ಅತ್ತೆ, ಹೊಗೆ ಆಗ್ತದೆ! ಮಗು ಕೆಮ್ತದೆ!”

“ಕೆಮ್ಮಿದರೆ ಒಳ್ಳೆಯದೇ, ದೃಷ್ಟಿ ಇಲ್ಲ ಅಂತ. ಘಾಟು ಬಾರದಿದ್ದರೆ ಹೆದರಬೇಕು.”

ಮಗುವಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಉಪ್ಪು ಚಟಚಟ ಸಿಡಿಯಿತು. ಮೆಣಸು ಉಬ್ಬಿ, ಕಪ್ಪಾಗಿ, ಸುರುಟಿಕೊಂಡಿತು. ಹೊಗೆ ಎದ್ದಿತು. ಅತ್ತೆ ಸೊಸೆ ಇಬ್ಬರೂ ಉಸಿರು ಬಿಗಿಹಿಡಿದರು. ಆಮೇಲೆ ಬಿಟ್ಟರು.

ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ಮಗು ಹೊಗೆಯನ್ನು ಮುಷ್ಟಿಯಲ್ಲಿ ಹಿಡಿಯಲು ನೋಡುತ್ತಿತ್ತು.

ಇದನ್ನೆಲ್ಲ ನಂಬದ ಪ್ರಣೀತಾ ಬಾಣಲೆಯತ್ತ ಬಾಗಿ ಮೂಸಿದಳು. ಅವಳ ಮುಖ ಬಿಳಿಚಿಕೊಂಡಿತು. “ಕುಛ್ ಭೀ ನಹೀ, ಅತ್ತೆ. ಒಂಚೂರೂ ಘಾಟಿಲ್ಲ.”

“ಏಳು ಸುಟ್ಟರೂ ಇಲ್ಲ. ಅಷ್ಟು ಭಾರದ ಕಣ್ಣು.”

“ಮತ್ತೆ ನಾನೇನು ಮಾಡ್ಲಿ? ಸೋಮವಾರ ಜಾಯಿನ್ ಆಗದಿದ್ರೆ ನೌಕರಿ ಹೋಗ್ತದೆ.”

“ಟಿಕೆಟ್ ಕ್ಯಾನ್ಸಲ್ ಮಾಡು. ಉದ್ದು ಹೋದರೆ ಹೋಗಲಿ, ನಾನಿರ್ತೇನೆ. ಅವಳ ಹೊಸ್ತಿಲು ಮಾತ್ರ ಮಗು ಇನ್ನು ದಾಟಕೂಡದು.”

ಪ್ರಣೀತಾ ಇಲ್ಲವೆನ್ನಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡಳು.

ವಿಮಲಾ ಕಿಟಕಿಯಿಂದ ಗಿಡದ ಕುಂಡವನ್ನು ಎತ್ತಿದಳು. ಚಂಪಾಳ ಕಡೆಯದೊಂದು ಕಡ್ಡಿಯೂ ಮನೆಯಲ್ಲಿ ಬೇಡ. ಪಕ್ಕದ ಬಾಗಿಲನ್ನು ಕಾಲಿನಿಂದಲೇ ತಟ್ಟಿದಳು. ತೆರೆದ ಚಂಪಾಳ ಕೈಯಲ್ಲಿ ಗಂಜಿಯ ಬಟ್ಟಲಿತ್ತು.

“ನಾನೇ ಬರುವವಳಿದ್ದೆ ಅಕ್ಕ. ತಣ್ಣಗಿನ ಗಂಜಿ, ವಸಡಿಗೆ ಹಿತ ಆಗ್ತದೆ ಅಂತ...”

“ಏಳು ಮೆಣಸು ಸುಟ್ಟೆ ಚಂಪಾ. ಘಾಟೇ ಬರಲಿಲ್ಲ. ನಿನ್ನ ಕಣ್ಣು ನಮ್ಮ ಮಗುವಿನ ಮೇಲೆ ಇನ್ನು ಬೀಳುವುದು ಬೇಡ.”

ಮಾತು ಜೋರಾಗಿಯೇ ಬಂತು. ಎದುರಿನ ಮನೆಯ ಬಾಗಿಲು ಒಂದು ಗೇಣು ತೆರೆದುಕೊಂಡಿತು. ಘಾಟು ಬಾರದ ಮೆಣಸಿನ ಅರ್ಥವನ್ನು ಕರಾವಳಿಯ ಹೆಂಗಸಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಂಪಾ ಬಟ್ಟಲನ್ನು ಒಳಗೆ ಇಟ್ಟು ಬಂದಳು. ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು.

“ಯಾವ ಮೆಣಸು, ವಿಮಲಕ್ಕ?”

“ಇದರದ್ದೇ. ನಾನೇ ಬೆಳೆಸಿ, ಬೀಜಕ್ಕೆ ಅಂತ ಇಟ್ಟದ್ದು.”

ಚಂಪಾ ಕೈ ಚಾಚಿ ಕುಂಡವನ್ನು ತೆಗೆದುಕೊಂಡಳು.

“ಮಗು ನನ್ನಲ್ಲಿ ಇರ್ತದೆ ಅಂತ ಮಾತಾದಾಗಲೇ ಖಾರದ ಗಿಡ ಎಲ್ಲ ಕಿತ್ತೆ, ಪುಡಿ ಕುಟ್ಟುವುದೂ ಬಿಟ್ಟೆ,” ಎಂದಳು ಚಂಪಾ. “ನಿಮಗೆ ಕೊಟ್ಟದ್ದೂ ಖಾರವೇ ಇಲ್ಲದ ಜಾತಿ, ಹೇಳಿದ್ರೆ ನೀವು ನಗಾಡ್ತೀರಿ ಅಂತ ಹೇಳಲಿಲ್ಲ, ಮಗು ಕಾಯಿ ಹಿಚುಕಿ ಕಣ್ಣುಜ್ಜಿಕೊಂಡ್ರೂ ಉರಿಯಬಾರದಲ್ಲ ಅಕ್ಕ.”